ತೋಟದ ಶೆಡ್ಡಿನಲ್ಲಿ ನಿಂತ ಎಂ.ಜಿ.: ಕೊಳ್ಳಬಹುದೇ, ಬಿಡಬೇಕೇ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ. ಈ ಸಂಚಿಕೆಯಲ್ಲಿ: ಓಡದೆ ನಿಂತ ಹಳೆಯ ಕಾರುಗಳು

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಪಕ್ಕದ ತೋಟದ ಶೆಡ್ಡಿನಲ್ಲಿ 1951ರ ಎಂ.ಜಿ. ಟಿಡಿ ಇದೆ. ಎರಡು ಸೀಟಿನ ಓಪನ್ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1987ರಿಂದ ನಿಂತಲ್ಲೇ ನಿಂತಿದೆ. ಇಂಜಿನ್ ಜಾಮ್, ಹ್ಯಾಂಡಲ್ ಹಾಕಿದರೆ ಅಲುಗುವುದಿಲ್ಲ. ಮೀಟರುಗಳು ಇವೆ, ಹುಡ್ (ಬಟ್ಟೆಯ ಮೇಲ್ಛಾವಣಿ) ಇಲ್ಲ, ಸೀಟಿನೊಳಗೆ ಇಲಿಗೂಡು. ಹೇಳುವ ಬೆಲೆ ದೊಡ್ಡದು, ಚೌಕಾಸಿಗೆ ಜಾಗವಿದೆ. ನಮ್ಮ ಜೀಪು ನೋಡಿಕೊಳ್ಳುವ ಮೆಕ್ಯಾನಿಕ್ ಮಾತ್ರ "ಜಾಮ್ ಆದ ಗಾಡಿ ಬೇಡ ಸಾರ್" ಅಂತಾರೆ. ಏನು ಮಾಡಲಿ?

ಉತ್ತರ: ಇಂಜಿನ್ ಜಾಮ್ ಆಗಿದೆ ಎಂಬ ಒಂದೇ ಕಾರಣಕ್ಕೆ ಬಿಡಬೇಡಿ. ಅಷ್ಟು ವರ್ಷ ನಿಂತ ಕಾರಿನ ಇಂಜಿನ್ ತಿರುಗಿದರೂ ಅದನ್ನು ಪೂರ್ತಿ ಬಿಚ್ಚಲೇಬೇಕು. ಪಿಸ್ಟನ್, ರಿಂಗ್, ಬೇರಿಂಗ್, ವಾಲ್ವುಗಳ ಖರ್ಚು ಹೇಗೂ ಬರುತ್ತದೆ. ಈ ಕಾರಿನಲ್ಲಿ ನೀವು ಹೆದರಬೇಕಾದದ್ದು ಕಬ್ಬಿಣಕ್ಕಲ್ಲ, ಮರಕ್ಕೆ.

ಟಿಡಿಯ ಬಾಡಿ ಮೇಲ್ನೋಟಕ್ಕೆ ತಗಡು. ಆದರೆ ಆ ತಗಡು ಕೂತಿರುವುದು ಆಶ್ ಮರದ ಚೌಕಟ್ಟಿನ ಮೇಲೆ. ಬಾಗಿಲು ತೂಗುವುದು ಮರಕ್ಕೆ, ನೆಲದ ಹಲಗೆ ಮರ, ಮೊಳೆ ಹೊಡೆದಿರುವುದು ಮರಕ್ಕೆ. ಆಶ್ ಗಟ್ಟಿ, ಬಾಗುವ ಗುಣವೂ ಇದೆ. ತೇವ, ಗೆದ್ದಲು, ಕೊರೆಹುಳು ಈ ಮೂರನ್ನು ಮಾತ್ರ ಅದು ತಡೆಯುವುದಿಲ್ಲ. ಕೊಡಗಿನ ಶೆಡ್ಡಿನಲ್ಲಿ ಮೂವತ್ತೈದಕ್ಕೂ ಹೆಚ್ಚು ಮಳೆಗಾಲ ಕಂಡ ಕಾರಿಗೆ ಈ ಮೂರೂ ಒಟ್ಟಿಗೆ ಬಂದಿರುತ್ತವೆ.

ಪರೀಕ್ಷೆ ಸುಲಭ. ಈ ಕಾರಿನ ಬಾಗಿಲು ನಮ್ಮ ಕಾರುಗಳಂತಲ್ಲ, ಹಿಂದುಗಡೆ ಕೀಲು, ಮುಂದುಗಡೆ ಬೀಗ. ಅರ್ಧ ತೆರೆದು, ಬೀಗದ ಕಡೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಮೇಲಕ್ಕೆತ್ತಿ. ಕಣ್ಣು ಬಾಗಿಲಿನ ಮೇಲಲ್ಲ, ಕೀಲು ಕೂತಿರುವ ಕಂಬದ ಮೇಲಿರಲಿ. ಬಾಗಿಲು ಮಾತ್ರ ಅಲುಗಿದರೆ ಕೀಲಿನ ಪಿನ್ ಸವೆದಿದೆ, ಅದು ಲೇತಿನಲ್ಲಿ ಮುಗಿಯುವ ಕೆಲಸ. ಕಂಬವೂ ಅದರ ಹಿಂದಿನ ತಗಡೂ ಒಟ್ಟಿಗೆ ಅಲುಗಿದರೆ ಒಳಗಿನ ಮರ ಹೋಗಿದೆ. ಆಮೇಲೆ ಕಾರಿನಡಿ ಮಲಗಿ. ಬಾಗಿಲ ಕೆಳಗೆ ಎರಡೂ ಬದಿ ಉದ್ದಕ್ಕೆ ಹೋಗುವ ತಳತೊಲೆ ಸಿಗುತ್ತದೆ. ಅದನ್ನು ಚೂಪು ಸ್ಕ್ರೂಡ್ರೈವರಿನಲ್ಲಿ ಎರಡೆರಡು ಇಂಚಿಗೆ ಚುಚ್ಚುತ್ತಾ ಹೋಗಿ. ಒಳ್ಳೆಯ ಮರದಲ್ಲಿ ತುದಿ ನಿಲ್ಲುತ್ತದೆ, ಟಕ್ ಎನ್ನುತ್ತದೆ. ಕೊಳೆತದ್ದರಲ್ಲಿ ಹಳೆ ಬೆಣ್ಣೆಗೆ ಚುಚ್ಚಿದಂತೆ ಇಳಿಯುತ್ತದೆ. ಸೂಜಿ ಗಾತ್ರದ ತೂತು, ಅದರ ಕೆಳಗೆ ಪೌಡರಿನಂಥ ನಯವಾದ ಹುಡಿ ಕಂಡರೆ ಕೊರೆಹುಳು ಇನ್ನೂ ಒಳಗೇ ಇದೆ. ಮಣ್ಣಿನ ಗೆರೆ ಕಂಡರೆ ಗೆದ್ದಲು. ಗೆದ್ದಲು ಹಿಡಿದ ತೊಲೆ ಹೊರಗೆ ಬಣ್ಣ ಸಮೇತ ಚೆನ್ನಾಗಿ ಕಾಣುತ್ತದೆ, ಬೆರಳ ಗೆಣ್ಣಿನಿಂದ ಬಡಿದರೆ ಖಾಲಿ ಡಬ್ಬದ ಸದ್ದು ಬರುತ್ತದೆ. ನೆಲದ ಹಲಗೆಯ ಮೂಲೆ, ಬಾಗಿಲ ಕಂಬದ ಬುಡ, ಹಿಂದಿನ ಚಕ್ರದ ಮೇಲಿನ ಕಮಾನು, ಈ ಮೂರು ಕಡೆ ವಿಶೇಷವಾಗಿ ನೋಡಿ. ನೀರು ನಿಲ್ಲುವುದು ಅಲ್ಲಿಯೇ.

ನೆಲದ ಹಲಗೆ ಹೋಗಿದ್ದರೆ ಚಿಂತೆಯಿಲ್ಲ, ಪ್ಲೈವುಡ್ ಸಾಕು. ಒಂದೋ ಎರಡೋ ಕಂಬದ ಬುಡ ಹೋಗಿದ್ದರೆ ನಿಮ್ಮೂರಿನ ಆಚಾರಿ ತುಂಡು ಜೋಡಿಸಿ ಸರಿಮಾಡಬಲ್ಲರು. ಎರಡೂ ತಳತೊಲೆ, ಎರಡೂ ಕೀಲಿನ ಕಂಬ ಹೋಗಿವೆ ಅಂದರೆ ಹೊಸ ಚೌಕಟ್ಟೇ ಬೇಕು. ಆಶ್ ಮರದಲ್ಲಿ ಕತ್ತರಿಸಿದ ಸಿದ್ಧ ಚೌಕಟ್ಟು ಇಂಗ್ಲೆಂಡಿನಿಂದ ತರಿಸಬಹುದು, ಸಾಗಣೆ ಮತ್ತು ಕಸ್ಟಮ್ಸ್ ಸೇರಿದರೆ ಅದೊಂದೇ ದೊಡ್ಡ ಬಾಬತ್ತು. ಇಲ್ಲೇ ಮಾಡಿಸುವುದಾದರೆ ಚೆನ್ನಾಗಿ ಒಣಗಿದ ತೇಗ ಆದೀತು. ತೇಗದಲ್ಲಿ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ. ಜೋಡಿಸುವ ಮುಖವನ್ನು ಅಸಿಟೋನಿನಲ್ಲಿ ಒರೆಸಿ, ಒಣಗಿದ ಕೂಡಲೇ ಇಪಾಕ್ಸಿ ಹಚ್ಚಬೇಕು. ಸ್ಕ್ರೂ ಹಿತ್ತಾಳೆಯದೋ ಸ್ಟೇನ್‌ಲೆಸ್ಸೋ ಆಗಿರಲಿ. ತೋಟದಲ್ಲಿ ಧಾರಾಳವಾಗಿ ಸಿಗುತ್ತದೆ ಅಂತ ಸಿಲ್ವರ್ ಓಕ್ ಹಾಕಿಸಬೇಡಿ. ಹೆಸರಿನಲ್ಲಿ ಓಕ್ ಇದ್ದರೂ ಅದು ಓಕ್ ಜಾತಿಯದಲ್ಲ, ತೇವಕ್ಕೆ ನಿಲ್ಲುವುದಿಲ್ಲ. ಪುಡಿಯಾದ ಹಳೆಯ ತುಂಡುಗಳನ್ನು ಯಾರೂ ಒಲೆಗೆ ಹಾಕದಂತೆ ನೋಡಿಕೊಳ್ಳಿ. ಅರ್ಧ ತಿಂದುಹೋದ ತುಂಡು ಕೂಡ ಆಚಾರಿಗೆ ಅಳತೆ.

ಮರವಾದ ಮೇಲೆ ಚಾಸಿಸ್. ಟಿಡಿಯದ್ದು ಪೆಟ್ಟಿಗೆಯಾಕಾರದ ಚಾಸಿಸ್, ಹಿಂದಿನ ಆಕ್ಸಲ್ಲಿನ ಮೇಲೆ ಕಮಾನಾಗಿ ಹಾದುಹೋಗುತ್ತದೆ. ತುಕ್ಕು ಒಳಗಿನಿಂದ ತಿನ್ನುವುದರಿಂದ ಹೊರಗಿನ ಬಣ್ಣ ನಂಬಬೇಡಿ. ಸಣ್ಣ ಸುತ್ತಿಗೆಯಲ್ಲಿ ಉದ್ದಕ್ಕೂ ತಟ್ಟಿ. ಗಂಟೆಯಂತೆ ಸದ್ದು ಬಂದರೆ ಒಳ್ಳೆಯದು, ಮಂಕು ಸದ್ದು ಬಂದ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಆಮೇಲೆ ಮುಂದಿನ ಎಡ ಸಸ್ಪೆನ್ಷನ್ ಕೂತ ಜಾಗದಿಂದ ಹಿಂದಿನ ಬಲ ಸ್ಪ್ರಿಂಗ್ ಕೂತ ಜಾಗಕ್ಕೆ ಟೇಪು ಹಿಡಿದು ಅಳೆಯಿರಿ, ಇನ್ನೊಂದು ಕರ್ಣವನ್ನೂ ಅಳೆಯಿರಿ. ವ್ಯತ್ಯಾಸ ಐದಾರು ಮಿಲಿಮೀಟರ್ ದಾಟಿದರೆ ಕಾರು ಎಂದೋ ಜೋರಾಗಿ ಹೊಡೆದಿದೆ. ರೆಕ್ಕೆಗಳ ಮೇಲೆ ಒಂದು ಅಯಸ್ಕಾಂತ ಓಡಿಸಿ. ಹಿಡಿಯದ ಕಡೆ ತಗಡಲ್ಲ, ಪುಟ್ಟಿ.

ಮೂರನೆಯದು, ಏನೇನು ಇದೆ, ಏನೇನು ಇಲ್ಲ. ತುಕ್ಕು ಹಿಡಿದರೂ ಎಲ್ಲ ಭಾಗ ಇರುವ ಕಾರು ವಾಸಿ. ಬಣ್ಣ ಹೊಳೆದು ಭಾಗ ಕಾಣೆಯಾದ ಕಾರು ಬೇಡ. ಮೀಟರುಗಳು ಇವೆ ಅಂದಿರಿ, ಅದು ದೊಡ್ಡ ಸಮಾಧಾನ. ಗಾಜಿನ ಚೌಕಟ್ಟು ಮತ್ತದರ ಎರಡು ಕಂಬ, ರೇಡಿಯೇಟರ್ ಕವಚ, ಎರಡು ಎಸ್‌ಯು ಕಾರ್ಬೊರೇಟರು, ಡೈನಮೋ, ಹೆಡ್‌ಲೈಟು, ಹುಡ್ಡಿನ ಕಬ್ಬಿಣದ ಕಂಬಿಗಳು ಇವೆಯೇ ಎಂದು ಒಂದೊಂದೇ ಗುರುತು ಹಾಕಿ. ಶೆಡ್ಡಿನ ಅಟ್ಟ, ಗೊಬ್ಬರದ ಕೋಣೆ, ಹಳೆಯ ಟ್ರಂಕು, ಎಲ್ಲವನ್ನೂ ಹುಡುಕಿ. ಹುಡ್ಡಿನ ಬಟ್ಟೆ ಕೊಳೆತಿರುತ್ತದೆ, ಕಂಬಿ ಎಲ್ಲೋ ಮೂಲೆಯಲ್ಲಿ ಬಿದ್ದಿರುತ್ತದೆ.

ಬಿಡಿಭಾಗದ ವಿಷಯದಲ್ಲಿ ಟಿಡಿ ಅದೃಷ್ಟದ ಕಾರು. 1949ರ ಕೊನೆಯಿಂದ 1953ರವರೆಗೆ 29,664 ತಯಾರಾದವು, ಮುಕ್ಕಾಲಿಗಿಂತ ಹೆಚ್ಚು ಅಮೆರಿಕಕ್ಕೆ ಹೋದವು. ಅಷ್ಟು ಕಾರು ಇರುವುದರಿಂದ ಇಂದಿಗೂ ಬಹುತೇಕ ಎಲ್ಲವನ್ನೂ ಹೊಸದಾಗಿ ಮಾಡಿ ಮಾರುತ್ತಾರೆ. ಈಗಿನ ಎಂ.ಜಿ. ಶೋರೂಮಿನಲ್ಲಿ ಮಾತ್ರ ಕೇಳಬೇಡಿ, ಅಲ್ಲಿ ಇದರ ಒಂದು ನಟ್ಟೂ ಸಿಗುವುದಿಲ್ಲ. ತರಿಸುವಾಗ ಅಮೆರಿಕದ ಕಾರುಗಳು ಎಡಗಡೆ ಸ್ಟಿಯರಿಂಗಿನವು ಎಂಬುದು ನೆನಪಿರಲಿ. ಅಲ್ಲಿಂದ ಅಗ್ಗಕ್ಕೆ ಸಿಕ್ಕಿತೆಂದು ಸ್ಟಿಯರಿಂಗ್ ರ್‍ಯಾಕ್ ತರಿಸಿದರೆ ನಿಮ್ಮ ಕಾರಿಗೆ ಕೂರುವುದಿಲ್ಲ. ವರ್ಷ ಹೇಳಿ ಭಾಗ ತರಿಸುವುದೂ ತಪ್ಪು. 1951ರ ನಡುವೆ ಕ್ಲಚ್ಚು 7¼ ಇಂಚಿನಿಂದ 8 ಇಂಚಿಗೆ ಬದಲಾಯಿತು, ಇಂಜಿನ್ ನಂಬರು ನೋಡಿಯೇ ಹೇಳಬೇಕು.

ಇಷ್ಟು ನೋಡಿದ ಮೇಲೆ ಬೆಲೆಯ ಮಾತು. ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ: ಇರುವುದು, ಇಲ್ಲೇ ರಿಪೇರಿ ಆಗುವುದು, ಹೊರದೇಶದಿಂದ ತರಿಸಬೇಕಾದದ್ದು. ಎರಡು, ಮೂರನೆಯ ಪಟ್ಟಿಯ ಖರ್ಚು ಕೂಡಿಸಿ, ಅದಕ್ಕೆ ಮತ್ತೆ ಅರ್ಧ ಸೇರಿಸಿ. ಬಿಚ್ಚಿದ ಮೇಲೆ ಕಾಣುವ ಕೆಲಸಕ್ಕೆ ಆ ಅರ್ಧ ಖಂಡಿತ ಬೇಕಾಗುತ್ತದೆ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಓಡುವ ಸ್ಥಿತಿಯ ಟಿಡಿ ಯಾವ ಬೆಲೆಗೆ ಕೈ ಬದಲಾಯಿಸುತ್ತದೆ ಎಂದು ವಿಚಾರಿಸಿ, ಅದರಿಂದ ಈ ಮೊತ್ತ ಕಳೆಯಿರಿ. ಉಳಿದದ್ದೇ ನೀವು ಕೊಡಬಹುದಾದ ಬೆಲೆ. ಏನೂ ಉಳಿಯದಿದ್ದರೆ ಕಾರಿನ ಬೆಲೆ ಕೊಡಬೇಡಿ. ಚಾಸಿಸ್, ಮೀಟರು, ದಾಖಲೆ, ಇವಿಷ್ಟರ ಬೆಲೆ ಮಾತ್ರ ಹೇಳಿ ಎದ್ದು ಬನ್ನಿ. ಜಾಮ್ ಆದ ಇಂಜಿನ್ ತೋರಿಸಿ ಬೆಲೆ ಇಳಿಸಿಕೊಳ್ಳಲು ಅಡ್ಡಿಯಿಲ್ಲ, ಅದು ನ್ಯಾಯವಾದ ಚೌಕಾಸಿ.

ಹಣದಷ್ಟೇ ಮುಖ್ಯ ಸಮಯ. ಬಾಡಿ ಎತ್ತಿ ಮಾಡುವ ಕೆಲಸಕ್ಕೆ ಸಾವಿರ ಗಂಟೆ ಹಿಡಿಯಿರಿ. ವಾರಕ್ಕೆ ಎಂಟು ಗಂಟೆ ಕೊಟ್ಟರೆ 125 ವಾರ. ಕಾಫಿ ಕೊಯ್ಲಿನ ಮೂರು ನಾಲ್ಕು ತಿಂಗಳು ನಿಮ್ಮ ಕೈಗೆ ಸಿಗುವುದಿಲ್ಲ, ಆಟಿ ಮಳೆಯಲ್ಲಿ ಬಣ್ಣದ ಕೆಲಸ ಆಗುವುದಿಲ್ಲ. ಅಂದರೆ ಮೂರು ವರ್ಷಕ್ಕೆ ಮೊದಲು ಮುಗಿಯದು. ಮನೆಯವರಿಗೆ ಈ ಲೆಕ್ಕವನ್ನು ಮೊದಲೇ ಹೇಳಿಬಿಡಿ.

ಪ್ರಶ್ನೆ: ಗೋಣಿಕೊಪ್ಪದಲ್ಲಿ ನನ್ನದು ಸಣ್ಣ ಗ್ಯಾರೇಜ್. ಜೀಪು, ಟ್ರ್ಯಾಕ್ಟರ್ ಕೆಲಸ ಗೊತ್ತು. ಗಿರಾಕಿಯೊಬ್ಬರು ಹಳೆಯ ಎಂ.ಜಿ. ಟಿಡಿ ತಂದು ನಿಲ್ಲಿಸುತ್ತೇನೆ ಅಂದಿದ್ದಾರೆ. ಜಾಮ್ ಬಿಡಿಸುವುದು ಹೇಗೆ? ಈ ಇಂಜಿನಿನಲ್ಲಿ ವಿಶೇಷ ಏನಾದರೂ ಇದೆಯೇ?

ಉತ್ತರ: ಮೊದಲು ಅದು ನಿಜವಾಗಿ ಜಾಮ್ ಆಗಿದೆಯೇ ನೋಡಿ. ಲೂಕಾಸ್ ಕಂಪನಿಯ ಸೆಲ್ಫಿನ (ಸ್ಟಾರ್ಟರ್ ಮೋಟರಿನ) ಸಣ್ಣ ಹಲ್ಲುಗಾಲಿ ಫ್ಲೈವೀಲಿನ ಹಲ್ಲಿಗೆ ಸಿಕ್ಕಿಕೊಂಡರೂ ಇಂಜಿನ್ ಹೀಗೇ ಬಿಗಿದು ನಿಲ್ಲುತ್ತದೆ. ಸೆಲ್ಫಿನ ಹಿಂತುದಿಯಲ್ಲಿ ಚೌಕ ಮಾಡಿದ ಶಾಫ್ಟ್ ಇರುತ್ತದೆ, ಸ್ಪ್ಯಾನರ್ ಹಾಕಿ ತಿರುಗಿಸಿ ಬಿಡಿಸಿ. ಸೆಲ್ಫ್ ಕಳಚಿಟ್ಟೇ ಪರೀಕ್ಷಿಸಿದರೆ ಅನುಮಾನವೇ ಇರುವುದಿಲ್ಲ.

ಆಮೇಲೂ ತಿರುಗದಿದ್ದರೆ ನಾಲ್ಕೂ ಪ್ಲಗ್ ತೆಗೆದು, ಆಟೊಮ್ಯಾಟಿಕ್ ಗೇರ್ ಎಣ್ಣೆ ಮತ್ತು ಅಸಿಟೋನ್ ಸಮಸಮ ಕಲಸಿ, ಸಿಲಿಂಡರಿಗೆ 30 ಮಿ.ಲೀ.ನಂತೆ ಬಿಡಿ. ಅಸಿಟೋನ್ ಬೆಂಕಿಗೆ ತಟ್ಟನೆ ಹತ್ತುತ್ತದೆ, ಹತ್ತಿರ ಬೀಡಿಯೂ ಬೇಡ, ವೆಲ್ಡಿಂಗೂ ಬೇಡ. ಎರಡು ದಿನಕ್ಕೊಮ್ಮೆ ಸ್ವಲ್ಪ ಸೇರಿಸುತ್ತಾ ಹತ್ತು ದಿನ ಬಿಡಿ. ತಿರುಗಿಸುವ ಮೊದಲು ರಾಕರ್ ಶಾಫ್ಟ್ ಸಡಿಲಿಸಿ. ವಾಲ್ವು ಗೈಡಿನಲ್ಲಿ ಅಂಟಿಕೊಂಡಿದ್ದರೆ, ಇಂಜಿನ್ ಬಿಟ್ಟುಕೊಂಡ ಖುಷಿಯಲ್ಲಿ ಸುತ್ತಿಸಿದಾಗ ಪುಷ್ ರಾಡ್ ಬಗ್ಗುತ್ತದೆ. ಈಗ ಹ್ಯಾಂಡಲ್ ಹಾಕಿ ಹಿಂದಕ್ಕೂ ಮುಂದಕ್ಕೂ ಅಲುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಸಾಕು, ಮರುದಿನ ಇನ್ನಷ್ಟು ಬರುತ್ತದೆ. ಪೈಪು ಹಾಕಿ ಹ್ಯಾಂಡಲ್ ಉದ್ದ ಮಾಡಬೇಡಿ. ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆಯುವುದಂತೂ ಬೇಡವೇ ಬೇಡ. ಅಲ್ಯುಮಿನಿಯಂ ಪಿಸ್ಟನ್ ತುಕ್ಕಿನೊಂದಿಗೆ ಬ್ಲಾಕಿಗೆ ಬೆಸೆದುಕೊಂಡಿರುತ್ತದೆ, ಎಳೆದರೆ ಪಿಸ್ಟನ್ ಹರಿಯುತ್ತದೆ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹತ್ತು ದಿನಕ್ಕೂ ಅಲುಗದಿದ್ದರೆ ಹೆಡ್ ಬಿಚ್ಚಿ. ನಿಂತಾಗ ವಾಲ್ವು ತೆರೆದಿದ್ದ ಸಿಲಿಂಡರ್ ಯಾವುದು ಎಂದು ಆಗ ಗೊತ್ತಾಗುತ್ತದೆ. ಜಾಮ್ ಆಗಿರುವುದು ಸಾಮಾನ್ಯವಾಗಿ ಅದೊಂದೇ, ಗಾಳಿಯ ತೇವ ಅದೇ ದಾರಿಯಲ್ಲಿ ಒಳಗೆ ಹೋಗಿರುತ್ತದೆ.

ವಿಶೇಷ ಅಂದರೆ ಥ್ರೆಡ್. ಇದು ಎಕ್ಸ್‌ಪಿಎಜಿ ಇಂಜಿನ್, 1250 ಸಿ.ಸಿ. ಬೋಲ್ಟಿನ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್, ಅಂದರೆ ಹಳೆಯ ಬ್ರಿಟಿಷ್ ಇಂಚಿನ ಅಳತೆ. 8 ಮಿ.ಮೀ. ಬೋಲ್ಟಿನ ತಲೆಗೆ ನಿಮ್ಮ 13ರ ಸ್ಪ್ಯಾನರ್ ಹಿಡಿಸುವುದಿಲ್ಲ, 14 ಹಾಕಿದರೆ ಜಾರಿ ಮೂಲೆ ಸವೆಯುತ್ತದೆ. ಒಂದು ಸೆಟ್ ವಿಟ್‌ವರ್ತ್ ಸ್ಪ್ಯಾನರ್ ಇಲ್ಲದೆ ಕೈಹಾಕಬೇಡಿ. ಇನ್ನೂ ದೊಡ್ಡ ಮೋಸ ಪಿಚ್ಚಿನಲ್ಲಿದೆ, ಅಂದರೆ ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರದಲ್ಲಿ. ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟಿನ ಪಿಚ್ 1.25, ಇದರದ್ದು 1.0. ಕೈಯಲ್ಲಿ ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಅಲ್ಲಿ ಸ್ಪ್ಯಾನರ್ ಹಾಕಿದರೆ ಬ್ಲಾಕಿನ ಥ್ರೆಡ್ಡೇ ಹೋಯಿತು. ತೆಗೆದ ಪ್ರತಿ ಬೋಲ್ಟನ್ನು ಅದರ ಜಾಗದ ಹೆಸರು ಬರೆದ ಪ್ಲಾಸ್ಟಿಕ್ ಚೀಲದಲ್ಲಿಡಿ.

ಹೆಡ್ ಕೈಗೆ ಬಂದ ಮೇಲೆ ವಾಲ್ವ್ ಸೀಟುಗಳ ನಡುವೆ ಬಿರುಕು ಹುಡುಕಿ, ಈ ಹೆಡ್ಡಿಗೆ ಅದು ಮಾಮೂಲು ಕಾಯಿಲೆ. ಕಣ್ಣಿಗೆ ಕಾಣದಿದ್ದರೂ ಒಳ್ಳೆಯ ಮೆಷಿನ್ ಶಾಪಿನಲ್ಲಿ ಬಣ್ಣದ ದ್ರವ ಹಚ್ಚಿ ಪರೀಕ್ಷೆ ಮಾಡಿಸಿ. ಹೆಡ್ಡಿನಲ್ಲಿ ಎರಡು ಬಗೆ. ಹಳೆಯದರಲ್ಲಿ ನೀರಿನ ತೂತು ಬಾಳೆಹಣ್ಣಿನಾಕಾರ, ಪ್ಲಗ್ಗಿನ ಥ್ರೆಡ್ ಉದ್ದ ಅರ್ಧ ಇಂಚು. ನಂತರದ್ದರಲ್ಲಿ ದುಂಡು ತೂತು, ಪ್ಲಗ್ ಮುಕ್ಕಾಲು ಇಂಚು. ಗ್ಯಾಸ್ಕೆಟ್ ತರಿಸುವ ಮೊದಲು ತೂತಿನ ಫೋಟೊ ಕಳಿಸಿ. ಹಳೆಯ ಹೆಡ್ಡಿಗೆ ಉದ್ದದ ಪ್ಲಗ್ ಹಾಕಿದರೆ ತುದಿ ಒಳಗೆ ಚಾಚಿಕೊಂಡು ಕೆಳಗಿನಿಂದ ಬರುವ ಪಿಸ್ಟನ್ನಿಗೆ ಬಡಿಯುವ ಅಪಾಯವಿದೆ.

ಹೆಡ್ ಬಿಚ್ಚಿದಾಗ ಬೋರ್ (ಸಿಲಿಂಡರಿನ ಒಳವ್ಯಾಸ) ಅಳೆಯುವುದನ್ನು ಮರೆಯಬೇಡಿ. ಟಿಡಿಯದ್ದು 66.5 ಮಿ.ಮೀ., ಸ್ಟ್ರೋಕ್ 90. ಅಳತೆ 63.5ರ ಹತ್ತಿರ ಬಂದರೆ ಅದು ಎಂ.ಜಿ. ಇಂಜಿನೇ ಅಲ್ಲ, ಮಾರಿಸ್ ಟೆನ್ನಿನ 1140 ಸಿ.ಸಿ. ಇಂಜಿನ್. ಎರಡೂ ಒಂದೇ ಮನೆತನದವು, ಸ್ಟ್ರೋಕ್ ಕೂಡ ಒಂದೇ. ನಮ್ಮ ಹಿಂದುಸ್ತಾನ್ ಟೆನ್ ಕೂಡ ಆ ಮಾರಿಸ್ ಟೆನ್ನೇ ಆದ್ದರಿಂದ ಅದರ ಇಂಜಿನ್ ಈ ದೇಶದಲ್ಲಿ ಕೈಗೆ ಸಿಗುವ ವಸ್ತುವಾಗಿತ್ತು. ಗಿರಾಕಿ ಹಣ ಕೊಡುವ ಮೊದಲು ಇದನ್ನು ತಿಳಿಯುವುದು ಒಳ್ಳೆಯದು, ನೋಂದಣಿಗೂ ಇದು ಮುಟ್ಟುತ್ತದೆ.

ಕಟ್ಟಿದ ಮೇಲೆ ಸ್ಟಾರ್ಟ್ ಮಾಡಲು ಆತುರ ಬೇಡ. ಆಯಿಲ್ ಪಂಪ್ ಬ್ಲಾಕಿನ ಹೊರಮೈಯಲ್ಲಿದೆ, ಒಣಗಿದ್ದರೆ ತಾನಾಗಿ ಎಣ್ಣೆ ಎಳೆಯುವುದಿಲ್ಲ. ಪಂಪಿನ ಗೇರುಗಳ ಸುತ್ತ ವ್ಯಾಸಲೀನ್ ತುಂಬಿ ಮುಚ್ಚಿ. ಪ್ಲಗ್ ಇಲ್ಲದೆ ಸೆಲ್ಫಿನಲ್ಲಿ ಸುತ್ತಿಸಿ, ಮೀಟರಿನಲ್ಲಿ ಒತ್ತಡ ಕಂಡ ಮೇಲೆ ಮಾತ್ರ ಪ್ಲಗ್ ಹಾಕಿ. ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗಬೇಕು, ಮೈನಸ್ ಅಲ್ಲ. ಇದು ಪಾಸಿಟಿವ್ ಅರ್ತ್ ಕಾರು. ಹಿಂಬದಿಯ ಕ್ರ್ಯಾಂಕ್ ತುದಿಯಲ್ಲಿ ರಬ್ಬರ್ ಸೀಲ್ ಇಲ್ಲ, ಸುರುಳಿ ಗೆರೆ ಮಾತ್ರ. ಹಾಗಾಗಿ ನಿಂತಲ್ಲಿ ನಾಲ್ಕು ಹನಿ ಎಣ್ಣೆ ಬೀಳುವುದು ಸಹಜ ಎಂದು ಗಿರಾಕಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ವಿರಾಜಪೇಟೆಯ ಹತ್ತಿರ ನಮ್ಮ ಐನ್‌ಮನೆಯ (ಕುಲದ ಮೂಲಮನೆಯ) ಕೊಟ್ಟಿಗೆಯಲ್ಲಿ ಅಜ್ಜನ ಕಾಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರಿದೆ. ಅಜ್ಜ ತೀರಿಕೊಂಡು ಬಹಳ ವರ್ಷ. ಆರ್.ಸಿ. ಅವರ ಹೆಸರಿನಲ್ಲೇ ಇದೆ, ಅವಧಿ ಮುಗಿದಿದೆ. ದೊಡ್ಡಪ್ಪ "ನೀನೇ ತಗೋ, ದುಡ್ಡು ಕೊಡು" ಅಂತಾರೆ. ದಾಖಲೆ ಸರಿಯಾಗುತ್ತದೆಯೇ?

ಉತ್ತರ: ದೊಡ್ಡಪ್ಪನ ಮಾತು ಸಾಲದು. ಐನ್‌ಮನೆಯ ವಸ್ತು ಅಂದರೆ ಒಕ್ಕದ (ಕುಲದ) ಎಲ್ಲರಿಗೂ ಅದರ ಮೇಲೆ ಮಮಕಾರವಿರುತ್ತದೆ, ಕಾನೂನಿನಲ್ಲಿ ಅಜ್ಜನ ವಾರಸುದಾರರೆಲ್ಲರಿಗೂ ಹಕ್ಕಿರುತ್ತದೆ. ಮದುವೆಯಾಗಿ ಹೋದ ಅತ್ತೆಯಂದಿರನ್ನು ಮರೆಯಬೇಡಿ. ಕಾರು ತುಕ್ಕು ಹಿಡಿದಿರುವಾಗ ಯಾರೂ ಕೇಳುವುದಿಲ್ಲ. ಬಣ್ಣ ಬಳಿದು ಗೇಟಿನ ಹೊರಗೆ ತಂದ ದಿನ ಮಾತು ಶುರುವಾಗುತ್ತದೆ. ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದವರ ಒಪ್ಪಿಗೆಯ ಅಫಿಡವಿಟ್ ಇಟ್ಟುಕೊಂಡು ನಮೂನೆ 31ರಲ್ಲಿ ಮೊದಲು ಒಬ್ಬ ವಾರಸುದಾರರ ಹೆಸರಿಗೆ ಮಾಡಿಸಿ. ಬೇರೆಯವರಿಂದ ಕೊಳ್ಳುವುದಾದರೆ ನಮೂನೆ 29 ಮತ್ತು 30. ಆರ್.ಸಿ. ಪುಸ್ತಕ ಇಲಿ ತಿಂದಿದ್ದರೆ ಅಥವಾ ಕಳೆದಿದ್ದರೆ ನಕಲಿಗೆ ನಮೂನೆ 26. ಇದಕ್ಕೆಲ್ಲ ಮೊದಲು ಮಡಿಕೇರಿಯ ಆರ್.ಟಿ.ಒ. ಕಚೇರಿಯಲ್ಲಿ ಆ ನಂಬರಿನ ಹಳೆಯ ದಾಖಲೆ ಉಳಿದಿದೆಯೇ ಎಂದು ವಿಚಾರಿಸಿ. ಇದು ಮುಗಿಯುವ ತನಕ ಹಣ ಕೊಡಬೇಡಿ, ದೊಡ್ಡಪ್ಪನೇ ಆದರೂ ಮುಂಗಡ ಮಾತ್ರ.

ಚಾಸಿಸ್ ನಂಬರನ್ನು ನೀವೇ ಕಣ್ಣಾರೆ ನೋಡಿ. ತಗಡಿನ ಫಲಕ ಒಂದನ್ನೇ ನಂಬಬೇಡಿ, ಫಲಕ ಬಿಚ್ಚಿ ಬೇರೆ ಹಾಕುವುದು ಎರಡು ನಿಮಿಷದ ಕೆಲಸ. ನಿಮ್ಮದು ಟಿಡಿ ಆಗಿದ್ದರೆ ಎಡಗಡೆ ಮುಂದಿನ ಚಾಸಿಸ್ ಕೊಂಬಿನ ಮೇಲೆ ನಂಬರು ಒತ್ತಿರುತ್ತದೆ. ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಸುಣ್ಣ ಹಚ್ಚಿ, ಟಾರ್ಚ್ ಓರೆಯಾಗಿ ಹಿಡಿದರೆ ಮೂಡುತ್ತದೆ. ಟಿಡಿಗಳ ಎಣಿಕೆ ಶುರುವಾಗುವುದು 1ರಿಂದಲ್ಲ, 0251ರಿಂದ. ಅದು ಅಬಿಂಗ್ಡನ್ ಕಾರ್ಖಾನೆಯ ಫೋನ್ ನಂಬರು.

ನೋಂದಣಿಗೆ ಈಗ ಒಳ್ಳೆಯ ದಾರಿ ಇದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಮೂಲರೂಪದಲ್ಲಿರಬೇಕು. ಚಾಸಿಸ್, ಬಾಡಿ, ಇಂಜಿನ್ ಇವುಗಳಲ್ಲಿ ಮಾರ್ಪಾಡು ಆಗಿರಬಾರದು. ಅರ್ಜಿ ನಮೂನೆ 20ರಲ್ಲಿ. ಆ ನಿಯಮದಲ್ಲಿ ಇಟ್ಟ ಶುಲ್ಕ ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000, ಅವಧಿ 10 ವರ್ಷ. ಹೊಸದಾಗಿ ಕೊಡುವ ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ 'ವಿಎ' ಎಂದಿರುತ್ತದೆ. ಈಗಾಗಲೇ ನೋಂದಣಿ ಇರುವ ವಾಹನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅಜ್ಜನ ನಂಬರು ಉಳಿಯುವುದಾದರೆ ಅದಕ್ಕಾಗಿ ಎರಡು ಸಲ ಹೆಚ್ಚು ಓಡಾಡಿದರೂ ಸಾರ್ಥಕ. ಆದರೆ ಈ ನೋಂದಣಿಯಲ್ಲಿ ದಿನನಿತ್ಯದ ಓಡಾಟ ಇಲ್ಲ, ಬಾಡಿಗೆಯಂತೂ ಇಲ್ಲ. ರ್‍ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ, ಇಂಥವಕ್ಕೆ ಮಾತ್ರ. ವಾರದ ಸಂತೆಗೆ ಹೋಗುವ ಆಸೆಯಿದ್ದರೆ ಸಾಮಾನ್ಯ ಆರ್.ಸಿ.ಯನ್ನೇ ನಮೂನೆ 25ರಲ್ಲಿ ನವೀಕರಿಸಬೇಕು, ಅದಕ್ಕೆ ಕಾರು ತಪಾಸಣೆಯಲ್ಲಿ ಪಾಸಾಗಬೇಕು.

ಜಾಮ್ ಆದ ಇಂಜಿನ್ ಕಿತ್ತು ಡೀಸೆಲ್ ಇಂಜಿನ್ ಕೂರಿಸುವ ಸಲಹೆ ಯಾರಾದರೂ ಕೊಟ್ಟಾರು. ಕಾರಿನ ಬೆಲೆಯೂ ಹೋಗುತ್ತದೆ, ಈ ನೋಂದಣಿಯ ದಾರಿಯೂ ಮುಚ್ಚುತ್ತದೆ. ಬಾಡಿಯ ಮರ ಬದಲಿಸುವಾಗ ಹಂತಹಂತವಾಗಿ ತಾರೀಖು ಸಮೇತ ಫೋಟೊ ತೆಗೆದಿಡಿ. ಇದ್ದದ್ದನ್ನು ಇದ್ದ ಹಾಗೆಯೇ ಕಟ್ಟಿದ್ದೀರಿ ಎಂದು ತೋರಿಸಲು ಅದೇ ಸಾಕ್ಷಿ.

ಪ್ರಶ್ನೆ: ಸುಂಟಿಕೊಪ್ಪದಲ್ಲಿ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಅಗ್ಗಕ್ಕೆ ಸಿಗುತ್ತಿದೆ, ಓಡುವುದಿಲ್ಲ. ಮೇಲ್ಭಾಗ ಕತ್ತರಿಸಿ ಸ್ಪೋರ್ಟ್ಸ್ ಕಾರು ಮಾಡಬಹುದು ಎನ್ನುತ್ತಾರೆ. ನಿಜವೇ?

ಉತ್ತರ: ಕತ್ತರಿಸಬೇಡಿ. ಹೆರಾಲ್ಡಿನ ಮೇಲ್ಛಾವಣಿ ಬೋಲ್ಟಿನಲ್ಲಿ ಕೂತಿರುವುದು ನಿಜ, ಬಿಚ್ಚಿದರೆ ಬರುತ್ತದೆ. ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಇದೇ ಹೆರಾಲ್ಡಿನ ಭಾಗಗಳಿಂದ ಹುಟ್ಟಿದ್ದೂ ನಿಜ. ಆದರೆ ಛಾವಣಿ ತೆಗೆದ ಮಾತ್ರಕ್ಕೆ ಹೆರಾಲ್ಡ್ ಸ್ಪಿಟ್‌ಫೈರ್ ಆಗುವುದಿಲ್ಲ, ದಾಖಲೆಯಲ್ಲಿ ತೊಡಕು ಮಾತ್ರ ಹುಟ್ಟುತ್ತದೆ. ಮದರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಹೆರಾಲ್ಡ್ ಹಾಗೆಯೇ ಚೆಂದದ ಕಾರು, ಮೊದಲ ಸಲ ರಿಪೇರಿಗೆ ಕೈಹಾಕುವವರಿಗೆ ಎಂ.ಜಿ.ಗಿಂತ ಸುಲಭ. ಮರದ ಚೌಕಟ್ಟಿಲ್ಲ, ಮುಂದಿನ ಬಾನೆಟ್ ಇಡಿಯಾಗಿ ಎತ್ತಿಕೊಳ್ಳುವುದರಿಂದ ಇಂಜಿನ್ ಕೆಲಸ ನಿಂತೇ ಮಾಡಬಹುದು. ಚಾಸಿಸ್ಸಿನಿಂದ ಬದಿಗೆ ಚಾಚಿದ ತೋಳುಗಳಲ್ಲಿ ತುಕ್ಕು ಎಷ್ಟಿದೆ ಎಂದಷ್ಟು ನೋಡಿ ಬೆಲೆ ಹೇಳಿ.

ಪ್ರಶ್ನೆ: ಹಳೆಯ ಕಾರು ಕೊಂಡಾಗಿದೆ. ಕೆಲಸ ಶುರುಮಾಡುವುದು ಮಳೆಗಾಲ ಕಳೆದ ಮೇಲೆ. ಸೋಮವಾರಪೇಟೆಯಿಂದ ಕುಶಾಲನಗರಕ್ಕೆ ಸಾಗಿಸಬೇಕು. ಹೇಗೆ ತರಲಿ, ಎಲ್ಲಿ ಇಡಲಿ? ಈಗಿನ ಎಥನಾಲ್ ಪೆಟ್ರೋಲು ಇದಕ್ಕೆ ಆಗುತ್ತದೆಯೇ?

ಉತ್ತರ: ಎಳೆದು ತರಬೇಡಿ, ಹೊತ್ತು ತನ್ನಿ. ಎಂ.ಜಿ. ಟಿಡಿಯಂಥ ಕಾರು ಸುಮಾರು 900 ಕೆ.ಜಿ., ಉದ್ದ 3.7 ಮೀಟರ್, ಚಪ್ಪಟೆ ಹಾಸಿನ ರಿಕವರಿ ಲಾರಿ ಸಾಕು. ಚಕ್ರ ತಿರುಗದಿದ್ದರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿದೆ. ಜಾಕಿ ಹಾಕಿ, ಅಡ್ಜಸ್ಟರ್ ಸಡಿಲಿಸಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಲ್ಲಿ ತಟ್ಟಿ. ಬಿಡುತ್ತದೆ. ಹಗ್ಗವನ್ನು ಆಕ್ಸಲ್ಲಿಗೂ ಚಾಸಿಸ್ಸಿಗೂ ಕಟ್ಟಿ, ಬಂಪರಿಗಾಗಲಿ ಬಾಡಿಗಾಗಲಿ ಬೇಡ. ಮರದ ಬಾಡಿ ಆದರೆ ಹೊರಡುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ರೀಪು ಬಿಗಿಯಿರಿ, ಇಲ್ಲವಾದರೆ ತಿರುವುಗಳ ಕುಲುಕಾಟಕ್ಕೆ ಬಾಡಿ ಅಗಲವಾಗುತ್ತದೆ. ಸಡಿಲ ಭಾಗಗಳನ್ನೆಲ್ಲ ಅದೇ ದಿನ ಅದೇ ಲಾರಿಯಲ್ಲಿ ತನ್ನಿ. "ಆಮೇಲೆ ತಗೊಂಡು ಹೋಗ್ತೀನಿ" ಎಂದು ಬಿಟ್ಟ ಹುಡ್ಡಿನ ಕಂಬಿ ಗುಜರಿಗೆ ಹೋಗುತ್ತದೆ.

ಇಡುವ ಜಾಗದಲ್ಲಿ ತೋಟದವರು ಸಾಮಾನ್ಯವಾಗಿ ಮಾಡುವ ತಪ್ಪು ಗೊಬ್ಬರದ ಗೋದಾಮಿನಲ್ಲಿ ನಿಲ್ಲಿಸುವುದು. ಪೊಟ್ಯಾಷ್ ಒಂದು ಬಗೆಯ ಉಪ್ಪು. ಗಾಳಿಯ ನೀರು ಹೀರಿ ಕಬ್ಬಿಣ ತಿನ್ನುತ್ತದೆ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತ ಅದಕ್ಕಿಂತ ಕೆಟ್ಟದ್ದು. ಅದರ ನೀರು ಅಲ್ಯುಮಿನಿಯಂ ಕಾರ್ಬೊರೇಟರ್ ಮೇಲೆ ಬಿದ್ದರೆ ಅಲ್ಲೇ ತಾಮ್ರ ಕೂತು, ಕೆಳಗಿನ ಲೋಹ ಕುಳಿಬೀಳುತ್ತದೆ. ಸೌದೆ ಶೆಡ್ಡಿನಲ್ಲಿಟ್ಟರೆ ಗೆದ್ದಲನ್ನು ನೀವೇ ಕರೆದಂತೆ. ಸಿಮೆಂಟ್ ನೆಲ, ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಸ್ಟ್ಯಾಂಡು, ಹೀಗೆ ಚಕ್ರ ನೆಲಬಿಟ್ಟು ನಿಲ್ಲಲಿ. ಟಾರ್ಪಲ್ ಮೈಗೆ ಹೊದಿಸಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ, ಟಾರ್ಪಲನ್ನು ಒಂದಡಿ ಮೇಲೆ ಚಪ್ಪರದಂತೆ ಕಟ್ಟಿ. ಸೈಲೆನ್ಸರ್ ಬಾಯಿಗೂ ಕಾರ್ಬೊರೇಟರ್ ಬಾಯಿಗೂ ಎಣ್ಣೆಬಟ್ಟೆ ತುರುಕಿ. ಸೀಟನ್ನು ಮಾತ್ರ ಮನೆಯೊಳಗೆ ಇಡಿ. ಇಲಿ ಮೊದಲು ಹೋಗುವುದು ಅಲ್ಲಿಗೆ, ಆಮೇಲೆ ವೈರಿಂಗಿನ ಹತ್ತಿಯ ಹೊದಿಕೆಗೆ.

ಪೆಟ್ರೋಲಿನ ವಿಷಯ. ಶೇಕಡಾ 20 ಎಥನಾಲ್ ಇರುವ ಪೆಟ್ರೋಲು ಹಳೆಯ ರಬ್ಬರ್ ಪೈಪನ್ನು ಮೆತ್ತಗಾಗಿಸುತ್ತದೆ, ಪೈಪಿನ ಹಳೆಯ ಜೋಡಣೆಗಳಿಗೆ ಹಚ್ಚಿದ ಅರಗಿನ ಅಂಟನ್ನು ಕರಗಿಸುತ್ತದೆ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವ ಆರ್9 ಗುರುತಿನವಕ್ಕೆ ಬದಲಿಸಿ, ಫ್ಲೋಟಿನ ಸೂಜಿ ವೈಟಾನ್ ರಬ್ಬರಿನ ತುದಿಯದ್ದಿರಲಿ, ಎಸ್‌ಯು ಜೆಟ್ಟಿನ ಕಾರ್ಕ್ ಸೀಲುಗಳನ್ನೂ ಬದಲಿಸಿ. ಎಥನಾಲ್ ಸೇರಿದಾಗ ಮಿಶ್ರಣ ತೆಳುವಾಗುತ್ತದೆ. ಜೆಟ್ ನಟ್ಟನ್ನು ಒಂದೆರಡು ಮುಖದಷ್ಟು ಕೆಳಗೆ ತಿರುಗಿಸಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಟ್ಯಾಂಕಿನಲ್ಲಿ ಪೆಟ್ರೋಲು ಬಿಡಬೇಡಿ. ಎಥನಾಲ್ ಗಾಳಿಯ ನೀರು ಎಳೆದು ಕೆಳಗೆ ಪದರವಾಗಿ ಕೂರುತ್ತದೆ, ಟ್ಯಾಂಕು ತಳದಿಂದ ತುಕ್ಕು ಹಿಡಿಯುತ್ತದೆ. ಎಸ್‌ಯು ವಿದ್ಯುತ್ ಪಂಪು ಟಿಕ್ ಎನ್ನದಿದ್ದರೆ ಹೊಸದು ತರಿಸುವ ಮೊದಲು ಮುಚ್ಚಳ ತೆಗೆದು ಪಾಯಿಂಟಿನ ಮೇಲೆ ನಯವಾದ ಎಮರಿ ಪೇಪರ್ ಒಮ್ಮೆ ಆಡಿಸಿ. ನಿಂತ ಕಾರಿನ ಪಂಪಿನಲ್ಲಿ ಎಷ್ಟೋ ಸಲ ಕೆಟ್ಟಿರುವುದು ಅಷ್ಟೇ.